ಹೈದರಾಲಿಯ ನಿದ್ದೆ

ನಡುರಾತ್ರಿಯಲ್ಲಿ ಒಮ್ಮೆಲೆ ಬೆಚ್ಚಿ ಏಳುವುದು ಮನುಷ್ಯಮಾತ್ರರಿಗೆಲ್ಲ ಪರಿಚಿತವಾದ ಅನುಭವ. ಎದೆ ಡವಡವನೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ, ಕತ್ತಲೆಯಲ್ಲಿ ಯಾರೋ ನಿಂತಂತಾಗುತ್ತದೆ. ತಾನೆಲ್ಲಿದ್ದೇನೆಂಬುದು ತಿಳಿಯಲು ಕೆಲವು ಕ್ಷಣಗಳೇ ಬೇಕಾಗುತ್ತವೆ. ಮಗು ಹೀಗೆ ಎದ್ದರೆ ತಾಯಿ ಎದೆಗವಚಿಕೊಂಡು, ಹಣೆಗೆ ವಿಭೂತಿ ಹಚ್ಚಿ ಮಲಗಿಸುತ್ತಾಳೆ. ದೊಡ್ಡವರು ದೇವರ ಹೆಸರು ಹೇಳಿಕೊಂಡು ಮಗ್ಗುಲು ಬದಲಿಸುತ್ತಾರೆ. ಆದರೆ ನಾಡಿಗೆ ನಾಡನ್ನೇ ಬೆಚ್ಚಿಸಿದ ಒಬ್ಬ ಪುರುಷನು, ಸಾವಿರಾರು ಕತ್ತಿಗಳ ಕಾವಲಿನ ನಡುವೆ, ತನ್ನ ಡೇರೆಯಲ್ಲಿ ಹಾಗೆ ಬೆಚ್ಚುತ್ತಿದ್ದನೆಂದರೆ ಅದನ್ನು ಏನೆಂದು ತಿಳಿಯಬೇಕು? ಹದಿನೆಂಟನೆಯ ಶತಮಾನದಲ್ಲಿ ಮೈಸೂರನ್ನು ಆಳಿದ ನವಾಬ ಹೈದರಾಲಿಖಾನನ ಚರಿತ್ರೆಯನ್ನು ಓದುವವರಿಗೆ ಈ ಪ್ರಶ್ನೆ ಎದುರಾಗದೆ ಇರುವುದಿಲ್ಲ.

ಹೈದರನ ಹಗಲುಗಳ ಕಥೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಸಾಮಾನ್ಯ ಸಿಪಾಯಿಯಾಗಿ ಸೇರಿ ರಾಜ್ಯಕ್ಕೆ ಒಡೆಯನಾದದ್ದು, ಬಿದನೂರನ್ನು ಗೆದ್ದದ್ದು, ಮದರಾಸಿನ ಬಾಗಿಲಿಗೆ ಹೋಗಿ ಇಂಗ್ಲಿಷರಿಂದ ಒಪ್ಪಂದ ಬರೆಯಿಸಿಕೊಂಡದ್ದು, ಇವೆಲ್ಲ ಪಠ್ಯಪುಸ್ತಕಗಳಲ್ಲಿ ಬಂದಿವೆ. ಅವನ ರಾತ್ರಿಗಳ ಕಥೆ ಅಷ್ಟು ಪ್ರಸಿದ್ಧವಲ್ಲ. ಆದರೆ ಅದೂ ಉಳಿದು ಬಂದಿದೆ. ೧೮೦೩ರಿಂದ ಕೆಲವು ವರ್ಷ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಹಿಂದೂಸ್ಥಾನದ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದನು. ಹೈದರನ ಕೈಕೆಳಗೆ ದುಡಿದ ಹಲವರು ಆಗ ಇನ್ನೂ ಬದುಕಿದ್ದರು. ಪೂರ್ಣಯ್ಯನಂಥವರ ಬಾಯಿಂದ ಕೇಳಿದ ಸಂಗತಿಗಳನ್ನು ವಿಲ್ಕ್ಸ್ ತನ್ನ ಗ್ರಂಥದಲ್ಲಿ ಸೇರಿಸಿದ್ದಾನೆ. ಅವನು ಗೆದ್ದವರ ಪಕ್ಷದ ಲೇಖಕ. ಆದಕಾರಣ ಅವನ ತೀರ್ಪುಗಳನ್ನು ಎಚ್ಚರದಿಂದಲೇ ಸ್ವೀಕರಿಸಬೇಕು. ಆದರೂ ಅವನು ಹೇಳುವ ರಾತ್ರಿಯ ಪ್ರಸಂಗಗಳನ್ನು ಒಂದೆಡೆ ಇಟ್ಟು ನೋಡಿದರೆ ಹೈದರನ ಬಾಳಿನ ಇನ್ನೊಂದು ಮುಖ ಕಾಣುತ್ತದೆ.

ಕೋಲಾರದ ಸೀಮೆಯ ಬೂದಿಕೋಟೆಯಲ್ಲಿ, ಸುಮಾರು ೧೭೨೨ರಲ್ಲಿ, ಹೈದರನ ಜನನ. ತಂದೆ ಫತೇಮಹಮ್ಮದನು ಸಿರಾ ಸುಬೇದಾರಿಯಲ್ಲಿ ದಂಡಿನ ಕೆಲಸದಲ್ಲಿದ್ದವನು. ಸಿರಾದ ಅಧಿಕಾರಕ್ಕಾಗಿ ನಡೆದ ಕಾದಾಟವೊಂದರಲ್ಲಿ ಅವನು ಮಡಿದನು. ಆಗ ಹೈದರನಿಗೆ ಏಳರ ಪ್ರಾಯ. ಅಣ್ಣ ಶಾಬಾಜನಿಗೆ ಒಂಬತ್ತು. ಕುಟುಂಬವು ದೊಡ್ಡಬಳ್ಳಾಪುರದಲ್ಲಿತ್ತು. ಅಲ್ಲಿಯ ಜಹಗೀರುದಾರ ಅಬ್ಬಾಸ್ ಕುಲೀಖಾನನು, ಸತ್ತವನಿಂದ ಬರಬೇಕಾದ ಹಣವಿದೆಯೆಂಬ ನೆವ ತೆಗೆದು, ಮನೆಯಲ್ಲಿದ್ದುದನ್ನೆಲ್ಲ ದೋಚಿದನು. ಇನ್ನೂ ಹಣ ಅಡಗಿರಬಹುದೆಂದು ಆ ಇಬ್ಬರು ಹುಡುಗರನ್ನು ಹಿಡಿಸಿ ಒಂದು ದೊಡ್ಡ ನಗಾರಿಯೊಳಗೆ ಹಾಕಿಸಿದನು. ನಗಾರಿಯ ತೊಗಲನ್ನು ಬಿಗಿದು ಮೇಲೆ ಬಾರಿಸಿದರು. ಒಳಗಿನ ಮಕ್ಕಳ ಗತಿ ಏನಾಗಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಕತ್ತಲೆ, ಉಸಿರು ಕಟ್ಟುವಂಥ ಇಕ್ಕಟ್ಟು, ತಲೆಯ ಮೇಲೆ ಸಿಡಿಲಿನಂಥ ಸದ್ದು. ಅದು ಎಷ್ಟು ಹೊತ್ತು ನಡೆಯಿತೆಂದು ಯಾರೂ ಬರೆದಿಟ್ಟಿಲ್ಲ. ಹಣ ವಸೂಲಾದ ಮೇಲೆ ತಾಯಿಯು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಲ್ಲಿದ್ದ ತನ್ನ ತಮ್ಮನ ಆಶ್ರಯ ಸೇರಿದಳು.

ಹೈದರನು ಇದನ್ನು ಮರೆಯಲಿಲ್ಲ. ಅಬ್ಬಾಸ್ ಕುಲಿಯೂ ಮರೆಯಲಿಲ್ಲ. ಮೂವತ್ತೆರಡು ವರ್ಷಗಳ ಮೇಲೆ ಹೈದರನು ದೊಡ್ಡಬಳ್ಳಾಪುರದ ಮೇಲೆ ಬಂದಾಗ ಖಾನನು ಮನೆಮಾರು ಬಿಟ್ಟು ಮದರಾಸಿಗೆ ಓಡಿದನು. ೧೭೬೯ರಲ್ಲಿ ಹೈದರನ ಕುದುರೆಗಳು ಮದರಾಸಿನ ಸಮೀಪವೇ ಕಾಣಿಸಿಕೊಂಡವು. ಆಗ ಈ ಮುದುಕನು ನೆಲದ ಮೇಲೆ ತನಗೆ ಎಲ್ಲಿಯೂ ಕ್ಷೇಮವಿಲ್ಲವೆಂದು ಬಗೆದು, ಒಂದು ಹಳೆಯ ಮುರುಕು ಹಡಗನ್ನು ಹತ್ತಿ ಕಡಲಿಗೆ ಹೋದನು; ಮೈಸೂರಿನ ದಂಡು ಹಿಂತಿರುಗಿತೆಂಬ ಖಚಿತ ಸುದ್ದಿ ಬರುವವರೆಗೂ ದಡಕ್ಕೆ ಇಳಿಯಲಿಲ್ಲ. ನಗಾರಿಯೊಳಗೆ ಮಕ್ಕಳನ್ನು ಹಾಕಿದವನಿಗೆ ನಾಲ್ಕು ದಶಕಗಳ ಮೇಲೂ ಆ ಮಕ್ಕಳಲ್ಲೊಬ್ಬನ ಹೆದರಿಕೆ ತಪ್ಪಲಿಲ್ಲ. ಹಾಗಾದರೆ ನಗಾರಿಯೊಳಗಿದ್ದವನ ಪಾಡೇನು?

ಶ್ರೀರಂಗಪಟ್ಟಣದ ಅರಸರ ಸೇವೆಯಲ್ಲಿ ಮೊದಲು ಅಣ್ಣನು, ಆಮೇಲೆ ಹೈದರನು ಸೇರಿದರು. ೧೭೪೯ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಅವನ ಧೈರ್ಯವನ್ನು ಕಂಡು ನಂಜರಾಜನು ಮೆಚ್ಚಿ ಮೇಲಕ್ಕೆ ತಂದನು. ೧೭೫೫ರಲ್ಲಿ ದಿಂಡಿಗಲ್ಲಿನ ಫೌಜುದಾರಿಕೆ ದೊರೆಯಿತು. ಅಕ್ಷರ ಬಾರದ ಈ ದಂಡಾಳಿಗೆ ಲೆಕ್ಕಪತ್ರ ನೋಡಿಕೊಳ್ಳಲು ಖಂಡೇರಾಯನೆಂಬ ಬ್ರಾಹ್ಮಣನು ಸಿಕ್ಕಿದನು. ಒಬ್ಬನ ಕತ್ತಿ, ಮತ್ತೊಬ್ಬನ ಲೇಖನಿ. ಇವೆರಡೂ ಕೂಡಿ ಐದಾರು ವರ್ಷಗಳಲ್ಲಿ ಹೈದರನನ್ನು ರಾಜ್ಯದ ಮೊದಲನೆಯ ಮನುಷ್ಯನ ಸ್ಥಾನಕ್ಕೆ ಏರಿಸಿದವು.

ಆ ಖಂಡೇರಾಯನೇ ೧೭೬೦ರಲ್ಲಿ ಅರಮನೆಯವರೊಡನೆ ಸೇರಿಕೊಂಡು ತಿರುಗಿಬಿದ್ದನು. ಆಗಸ್ಟ್ ೧೨ರ ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆಯ ತೋಪುಗಳು ಹೊರಗಿನ ತೋಟದಲ್ಲಿ ಬೀಡುಬಿಟ್ಟಿದ್ದ ಹೈದರನ ಕಡೆಗೆ ಗುಂಡು ಹಾರಿಸಿದವು. ಅವನ ದಂಡಿನ ಬಹುಭಾಗವು ದೂರದಲ್ಲಿತ್ತು. ತನ್ನ ಉಪ್ಪು ತಿಂದ ಖಂಡೇರಾಯನನ್ನು ಕರೆಯಿಸಲು ಹೇಳಿಕಳಿಸಿದಾಗ, ಆ ತೋಪುಗಳಿಗೆ ಅಪ್ಪಣೆ ಕೊಡುತ್ತಿರುವವನೇ ಅವನೆಂದು ತಿಳಿಯಿತು. ಆ ರಾತ್ರಿ ಹೈದರನು ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು, ಕೆಲವೇ ಜನರೊಡನೆ ಕಾವೇರಿಯನ್ನು ದಾಟಿ, ಆನೇಕಲ್ಲು ಬೆಂಗಳೂರುಗಳ ದಿಕ್ಕಿಗೆ ಓಡಿದನು. ಎಳೆಯ ಬಾಲಕ ಟೀಪುವೂ ಹಿಂದೆ ಉಳಿದವರಲ್ಲೊಬ್ಬ. ಅಪ್ಪಟ ನಂಬಿಕೆಯವನೆಂದುಕೊಂಡವನ ಕೈಯಿಂದಲೇ ಸಾವು ಬರಬಹುದೆಂಬ ಪಾಠವನ್ನು ಹೈದರನು ಕಲಿತದ್ದು ಆ ದಿನ.

ಮುಂದಿನ ವರ್ಷ ಅವನು ಸೇಡು ತೀರಿಸಿಕೊಂಡ ರೀತಿ ಗಮನಾರ್ಹ. ನಂಜನಗೂಡಿನ ಬಳಿ ಸೋತು ಬಲಗುಂದಿದ್ದ ಅವನು ಹಳೆಯ ಒಡೆಯ ನಂಜರಾಜನ ಕಾಲಿಗೆ ಬಿದ್ದು ಮರುಕ ಗಳಿಸಿದನು. ಬಳಿಕ ನಂಜರಾಜನ ಮೊಹರಿನಿಂದ ಖಂಡೇರಾಯನ ಸರದಾರರಿಗೆ ಕಾಗದಗಳನ್ನು ಬರೆಯಿಸಿ, ಅವು ಖಂಡೇರಾಯನ ಕೈಗೇ ಸಿಕ್ಕುವಂತೆ ಏರ್ಪಡಿಸಿದನು. ತನ್ನನ್ನು ಹಿಡಿದೊಪ್ಪಿಸಲು ತನ್ನವರೇ ಒಪ್ಪಿದ್ದಾರೆಂಬ ಅರ್ಥ ಅವುಗಳಲ್ಲಿತ್ತು. ಅದನ್ನು ಓದಿದೊಡನೆ ಖಂಡೇರಾಯನ ಧೈರ್ಯವೆಲ್ಲ ಸೋರಿಹೋಯಿತು. ಯಾರನ್ನೂ ವಿಚಾರಿಸದೆ, ಕುದುರೆ ಹತ್ತಿ, ದಂಡನ್ನು ಬಿಟ್ಟು ಪಟ್ಟಣಕ್ಕೆ ಓಡಿದನು. ಗೆದ್ದ ಸೈನ್ಯ ಕೈಯಲ್ಲಿದ್ದೂ ಅವನು ಸೋತದ್ದು ಒಂದು ಗುಮಾನಿಯಿಂದ. ಹೈದರನು ತಾನು ಅನುಭವಿಸಿದ ಭಯವನ್ನೇ ಆಯುಧವಾಗಿ ಮಾಡಿಕೊಂಡಿದ್ದನು. ಖಂಡೇರಾಯನ ಪ್ರಾಣ ಉಳಿಸಬೇಕೆಂದು ಅರಮನೆಯವರು ಬೇಡಿಕೊಂಡರು. ಅವನನ್ನು ಗಿಣಿಯ ಹಾಗೆ ಸಾಕುವೆನೆಂದು ಹೈದರನು ಮಾತು ಕೊಟ್ಟನು. ಮಾತಿಗೆ ತಪ್ಪದೆ ಕಬ್ಬಿಣದ ಪಂಜರದಲ್ಲಿ ಕೂಡಿಸಿ, ಹಾಲು ಅನ್ನ ಹಾಕಿಸಿ, ಸಾಯುವ ತನಕ ಬೆಂಗಳೂರಿನಲ್ಲಿ ಇಡಿಸಿದನು.

ಹೀಗೆ ೧೭೬೧ರಲ್ಲಿ ಮೈಸೂರು ಹೈದರನ ವಶವಾಯಿತು. ಒಡೆಯರು ಹೆಸರಿಗೆ ಅರಸರಾಗಿ ಉಳಿದರು.

*

೧೭೬೩ರ ಆರಂಭದಲ್ಲಿ ಬಿದನೂರು ಬಿದ್ದಿತು. ಕೆಳದಿಯ ನಾಯಕರು ತಲೆತಲಾಂತರದಿಂದ ಕೂಡಿಟ್ಟ ಸಂಪತ್ತು ಒಂದೇ ಸಲಕ್ಕೆ ಅವನ ಕೈ ಸೇರಿತು. ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ಓಡಿ, ಅಲ್ಲಿ ಸೆರೆಸಿಕ್ಕಿ, ಮಧುಗಿರಿಯ ಬೆಟ್ಟವನ್ನು ಕಂಡಳು. ಹೈದರನು ಊರಿಗೆ ಹೈದರನಗರವೆಂದು ತನ್ನ ಹೆಸರನ್ನಿಟ್ಟು, ಅಲ್ಲಿಯೇ ನೆಲೆಸುವ ಆಲೋಚನೆಯನ್ನೂ ಮಾಡಿದನು. ಇಕ್ಕೇರಿಯ ವರಹದ ಮಾದರಿಯಲ್ಲಿಯೇ ನಾಣ್ಯ ಹೊಡೆಯಿಸಿದನು: ಒಂದು ಮಗ್ಗುಲಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ತನ್ನ ಹೆಸರಿನ ಮೊದಲಕ್ಷರ. ರುಜು ಹಾಕಲು ಅವನು ಕಲಿತಿದ್ದುದೂ ಆ ಒಂದು ಅಕ್ಷರವನ್ನೇ. ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದನಂತೆ.

ಬಿದನೂರಿನಲ್ಲಿ ಅವನು ಜ್ವರದಿಂದ ಮಲಗಿದ್ದಾಗ, ಹಿಂದಿನ ಅರಸುಮನೆತನದ ಸೇವಕರು ಅವನನ್ನು ಕೊಲ್ಲಲು ಸಂಚು ಹೂಡಿದ್ದರು. ಸುಳಿವು ಹತ್ತಿತು. ಹಾಸಿಗೆಯಿಂದೆದ್ದು ಬಂದು ವಿಚಾರಣೆ ಮಾಡಿ ಅಪ್ಪಣೆ ಕೊಟ್ಟನು. ಸೂರ್ಯ ಮುಳುಗುವುದರೊಳಗೆ ಮುನ್ನೂರಕ್ಕೂ ಹೆಚ್ಚು ಜನರು ಊರಬಾಗಿಲುಗಳಲ್ಲಿ ನೇಣಿನಲ್ಲಿ ತೂಗುತ್ತಿದ್ದರು. ಆ ರಾತ್ರಿ ಹೈದರನು ಎಂದಿನಂತೆ ನೆಮ್ಮದಿಯಾಗಿ ನಿದ್ದೆಮಾಡಿ, ಮರುದಿನ ಗೆಲುವಾಗಿ ಎದ್ದನೆಂದು ವಿಲ್ಕ್ಸ್ ಬರೆಯುತ್ತಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಲವತ್ತರ ಪ್ರಾಯದ ಹೈದರನಿಗೆ ಅಂಥ ದಿನದ ಕೊನೆಯಲ್ಲಿಯೂ ನಿದ್ದೆ ಬರುತ್ತಿತ್ತು.

ಬಿದನೂರಿನ ಬೆನ್ನಿಗೇ ಉತ್ತರದ ಸೋದೆಯ ಸರದಿ ಬಂದಿತು. ಇಂದು ಹಳಿಯಾಳ, ಸೂಪಾ, ಮುಂಡಗೋಡ, ಇಂದೂರ ಎಂದು ನಾವು ಕರೆಯುವ ಸೀಮೆಯು ಮಲೆನಾಡೂ ಬಯಲುಸೀಮೆಯೂ ಕೂಡುವ ಮೇರೆ. ಒಂದು ಕಡೆ ಸೋದೆಯ ಕಾಡು, ಇನ್ನೊಂದು ಕಡೆ ಸವಣೂರಿನ ಎರೆಯ ನೆಲ. ತೆಂಕಲಿಗೆ ಬಿದನೂರು, ಬಡಗಲಿಗೆ ಮರಾಠರ ದಾರಿ. ೧೭೬೩ರ ಕೊನೆಗೂ ೧೭೬೪ಕ್ಕೂ ನಡುವೆ ಮೈಸೂರಿನ ದಂಡು ಸೋದೆಯನ್ನು ತುಳಿದಾಗ ಅಲ್ಲಿಯ ಅರಸ ಇಮ್ಮಡಿ ಸದಾಶಿವನು ಘಟ್ಟವಿಳಿದು ಗೋವೆಗೆ ಹೋಗಿ ಪೋರ್ತುಗೀಜರ ಆಶ್ರಯ ಹಿಡಿದನು. ಆ ಮನೆತನವು ಮತ್ತೆ ಸೋದೆಗೆ ಅರಸಾಗಿ ಬರಲಿಲ್ಲ. ಫೋಂಡಾದ ಹತ್ತಿರದ ಬಾಂದಿವಡೆಯೇ ಅದಕ್ಕೆ ನೆಲೆಯಾಯಿತು.

ಅರಸನಿಗೆ ಓಡಲು ಗೋವೆಯಿತ್ತು. ಪ್ರಜೆಗಳಿಗೆ ಇದ್ದದ್ದು ಕಾಡು. ಶತ್ರುವಿನ ದಂಡು ಬರುವ ಸುದ್ದಿ ಹುಟ್ಟಿದರೆ ಊರಿಗೆ ಊರೇ ಕಾಳುಕಡಿಯನ್ನು ಹಗೇವಿನಲ್ಲಿ ಹೂತು, ದನಕರು ಮಕ್ಕಳನ್ನು ಕಟ್ಟಿಕೊಂಡು ಅಡವಿ ಸೇರುತ್ತಿತ್ತು. ಇದಕ್ಕೆ ಕನ್ನಡದಲ್ಲಿ ವಲಸೆ ಎಂದು ಹೆಸರು. ಈ ಒಂದು ಶಬ್ದವನ್ನು ವಿಲ್ಕ್ಸ್ ತನ್ನ ಭಾಷೆಗೆ ತಿರುಗಿಸಲಾರದೆ ಹಾಗೆಯೇ ಎತ್ತಿಕೊಂಡು ವಿವರಿಸಿದ್ದಾನೆ. ಇಂಥದೊಂದು ಸ್ಥಿತಿಗೆ ಪ್ರತ್ಯೇಕವಾದ ಪದವೇ ಬೇಕಾಗುವಷ್ಟು ಅದು ಈ ನಾಡಿನಲ್ಲಿ ವಾಡಿಕೆಯಾಗಿತ್ತು. ಹೈದರನ ದಂಡು, ಸವಣೂರಿನ ಪಠಾಣರು, ಪೇಶವೆಯ ಕುದುರೆಗಳು, ಯಾರು ಬಂದರೂ ರೈತನು ಅರ್ಧರಾತ್ರಿಯಲ್ಲಿ ಬೆಚ್ಚಿ ಎದ್ದು ಮಗುವಿನ ಬಾಯಿಗೆ ಕೈ ಒತ್ತಿ ಕಾಡಿನತ್ತ ನಡೆಯಬೇಕಾಗಿತ್ತು. ಹೈದರನ ನಿದ್ದೆಯ ಕಥೆಯನ್ನು ಹೇಳುವಾಗ, ಅವನೂ ಅವನಂಥವರೂ ಕೆಡಿಸಿದ ಈ ಹೆಸರಿಲ್ಲದವರ ನಿದ್ದೆಯನ್ನು ಮರೆಯುವುದು ನ್ಯಾಯವಲ್ಲ.

ಆ ಗೆಲವು ಬಹುದಿನ ನಿಲ್ಲಲಿಲ್ಲ. ೧೭೬೪ರಲ್ಲಿ ತರುಣ ಪೇಶವೆ ಮಾಧವರಾಯನು ತುಂಗಭದ್ರೆಯ ಸೀಮೆಗೆ ಇಳಿದು ಬಂದನು. ರಟ್ಟೀಹಳ್ಳಿಯಲ್ಲಿ ಹೈದರನಿಗೆ ಭಾರಿಯ ಸೋಲಾಯಿತು. ಅವನು ಆನವಟ್ಟಿಯ ಕಡೆಗೆ ಹಿಂದೆಗೆದು, ಅಲ್ಲಿಯೂ ನಿಲ್ಲಲಾರದೆ ಬಿದನೂರಿನ ಕಾಡನ್ನು ಸೇರಿದನು. ಒಂದು ವರ್ಷದ ಹಿಂದೆ ಯಾರನ್ನು ಕಾಡಿಗೆ ಅಟ್ಟಿದ್ದನೋ ಅವರಂತೆಯೇ ತಾನೂ ಅದೇ ಮಲೆನಾಡಿನ ಮರಗಳ ಮರೆಯನ್ನು ಹುಡುಕಬೇಕಾಯಿತು.

*

ಹೈದರನ ರಾತ್ರಿಗಳಲ್ಲಿ ಅತ್ಯಂತ ಕರಾಳವಾದದ್ದು ೧೭೭೧ರ ಮಾರ್ಚ್ ತಿಂಗಳಲ್ಲಿ ಬಂದಿತು. ಮರಾಠರ ದೊಡ್ಡ ದಂಡು ತ್ರ್ಯಂಬಕರಾಯನ ನಾಯಕತ್ವದಲ್ಲಿ ಮೇಲುಕೋಟೆಯ ಬಳಿ ಅವನನ್ನು ಸುತ್ತುಗಟ್ಟಿತ್ತು. ಇರುಳಿನಲ್ಲಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಜಾರಿಕೊಳ್ಳುವುದೆಂದು ಗೊತ್ತುಮಾಡಿದರು. ಆದರೆ ಸದ್ದಾಯಿತು, ಶತ್ರುವಿಗೆ ಸುಳಿವು ಹತ್ತಿತು. ಹೈದರನು ಆ ರಾತ್ರಿ ಕುಡಿದಿದ್ದನು. ಕತ್ತಲೆಯ ಗೊಂದಲದಲ್ಲಿ ಟೀಪುವಿನ ಮೇಲೆ ತಪ್ಪು ಹೊರಿಸಿ, ಬೆತ್ತವನ್ನು ಕಸಿದುಕೊಂಡು, ಎಲ್ಲರೆದುರಿಗೆ ಮಗನನ್ನು ಹೊಡೆದನು. ಇಪ್ಪತ್ತರ ತರುಣ ಟೀಪು ಅವಮಾನದಿಂದ ಕತ್ತಿಯನ್ನೂ ಪಗಡಿಯನ್ನೂ ನೆಲಕ್ಕೆಸೆದು, ಆ ದಿನ ತಾನು ಕತ್ತಿ ಹಿಡಿಯುವುದಿಲ್ಲವೆಂದು ಆಣೆಯಿಟ್ಟನು. ಬೆಳಕು ಹರಿದ ಮೇಲೆ ಚಿನಕುರಳಿಯ ಹತ್ತಿರ, ತೊಣ್ಣೂರಿನ ದೊಡ್ಡ ಕೆರೆಯ ಆಸುಪಾಸಿನಲ್ಲಿ, ಮೈಸೂರಿನ ದಂಡು ಒಡೆದು ಚೂರಾಯಿತು.

ಹೈದರನು ಹೇಗೋ ತಪ್ಪಿಸಿಕೊಂಡು ಶ್ರೀರಂಗಪಟ್ಟಣವನ್ನು ಮುಟ್ಟಿದನು. ಆದರೆ ಊರೊಳಕ್ಕೆ ಕಾಲಿಡಲಿಲ್ಲ. ನದಿಯ ದಡದಲ್ಲಿದ್ದ ಖಾದಿರ್ ವಲಿಯ ಗೋರಿಯ ಬಳಿ ಬಿದ್ದುಕೊಂಡು, ಮಗನು ಸತ್ತನೆಂದೇ ನಂಬಿ ದುಃಖಿಸುತ್ತಿದ್ದನು. ರಾತ್ರಿ ಬೈರಾಗಿಯ ವೇಷದ ಒಬ್ಬ ತರುಣನು ಅಲ್ಲಿಗೆ ಬಂದನು. ಅವನೇ ಟೀಪು, ಮರಾಠರ ನಡುವಿನಿಂದಲೇ ಭಿಕ್ಷುಕನಂತೆ ನಡೆದು ಬಂದಿದ್ದನು. ಸಾವಿರಾರು ಜನರು ಮಡಿದ ಆ ದಿನ ಹೈದರನನ್ನು ನೆಲಕ್ಕೆ ಕೆಡವಿದ್ದು ರಾಜ್ಯ ಹೋದೀತೆಂಬ ಭಯವಾಗಿರಲಿಲ್ಲ. ತನ್ನ ಕೈಯಿಂದ ಕೊನೆಯ ಪೆಟ್ಟು ತಿಂದು ಹೋದ ಮಗನು ಮರಳಿ ಬಾರನೆಂಬ ಭಯ. ಅಧಿಕಾರದ ಸಂಬಂಧವಿಲ್ಲದ ಭಯವೊಂದು ಅವನ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಈ ಒಂದು ಕಡೆಯಲ್ಲಿ.

ಅವನ ಆಡಳಿತವೆಲ್ಲ ನಿಂತಿದ್ದುದು ಅಂಜಿಕೆಯ ಮೇಲೆ. ೧೭೭೯ರಲ್ಲಿ ಮದರಾಸಿನ ಸರ್ಕಾರದ ದೂತನಾಗಿ ಶ್ರೀರಂಗಪಟ್ಟಣಕ್ಕೆ ಬಂದ ಪಾದ್ರಿ ಶ್ವಾರ್ಟ್ಸನು ಈ ಆಡಳಿತವನ್ನು ಹತ್ತಿರದಿಂದ ನೋಡಿದನು. ಪಾದ್ರಿಯನ್ನು ಹೈದರನು ಆದರದಿಂದಲೇ ಕಂಡನು; ಕೆಲಸಗಳು ಚುರುಕಾಗಿ, ಗೊಂದಲವಿಲ್ಲದೆ ನಡೆಯುತ್ತಿದ್ದುದನ್ನು ಪಾದ್ರಿಯೂ ಮೆಚ್ಚಿದನು. ಆದರೆ ಚಾವಟಿ ಹಿಡಿದ ಆಳುಗಳು ನೂರಾರು ಸಂಖ್ಯೆಯಲ್ಲಿ ಸದಾ ಸಿದ್ಧರಾಗಿರುತ್ತಿದ್ದರೆಂದೂ, ದೊಡ್ಡ ಅಧಿಕಾರಿಗಳಿಗೂ ಬಂಧುಗಳಿಗೂ ಆ ಏಟಿನಿಂದ ವಿನಾಯಿತಿ ಇರಲಿಲ್ಲವೆಂದೂ ಅವನು ಬರೆದಿಟ್ಟಿದ್ದಾನೆ. ಓದುಬರಹವಿಲ್ಲದ ಹೈದರನು ಒಂದೇ ಹೊತ್ತಿನಲ್ಲಿ ಒಬ್ಬನ ಕಾಗದ ಕೇಳುತ್ತ, ಇನ್ನೊಬ್ಬನಿಗೆ ಉತ್ತರ ಹೇಳುತ್ತ, ಮತ್ತೊಬ್ಬನ ಲೆಕ್ಕದಲ್ಲಿ ತಪ್ಪು ಹಿಡಿಯುತ್ತಿದ್ದನು. ಅಂಥ ಮನಸ್ಸಿಗೆ ಮರೆವು ಎಂಬುದಿರಲಿಲ್ಲ. ಮರೆವಿಲ್ಲದವನಿಗೆ ನಿದ್ದೆಯೂ ಸುಲಭವಲ್ಲ.

ಅದೇ ೧೭೭೯ರಲ್ಲಿ ಕಡಪೆಯ ನವಾಬ ಅಬ್ದುಲ್ ಹಲೀಮಖಾನನನ್ನು ಹೈದರನು ಸಿದ್ಧವಟದಲ್ಲಿ ಸೆರೆಹಿಡಿದನು. ಸೋತ ಪಠಾಣರಲ್ಲಿ ಸುಮಾರು ಎಂಬತ್ತು ಮಂದಿ ಆಯುಧ ಒಪ್ಪಿಸಲು ನಿರಾಕರಿಸಿದರು. ಮಾನವಂತರೆಂದು ಬಗೆದು ಕತ್ತಿಗಳನ್ನು ಅವರಲ್ಲಿಯೇ ಬಿಡಲಾಗಿತ್ತು. ಬಳಿಕ ಅವುಗಳನ್ನು ಕಸಿಯುವ ಪ್ರಯತ್ನ ನಡೆದಾಗ ಅವರು ಕೆರಳಿದರು. ರಾತ್ರಿ ಒಮ್ಮೆಲೆ ಎದ್ದು ಕಾವಲಿನವರನ್ನು ಕೊಂದು, ನೇರವಾಗಿ ಹೈದರನ ಡೇರೆಯತ್ತ ನುಗ್ಗಿದರು. ಹೈದರನು ಮಲಗಿದ್ದನು. ಗದ್ದಲವು ಕಿವಿಗೆ ಬಿದ್ದೊಡನೆ ಎದ್ದನು. ಏನಾಗಿರಬಹುದೆಂದು ಆ ಕ್ಷಣದಲ್ಲಿಯೇ ಊಹಿಸಿದನು. ಹಾಸಿಗೆಯ ಮೇಲಿನ ಉದ್ದನೆಯ ದಿಂಬಿಗೆ ದುಪ್ಪಟಿಯನ್ನು ಹೊದಿಸಿ, ಮನುಷ್ಯನು ಮಲಗಿರುವಂತೆ ತೋರುವ ಹಾಗೆ ಮಾಡಿದನು. ಕತ್ತಿಯಿಂದ ಡೇರೆಯ ಗೋಡೆಯನ್ನು ಸೀಳಿ ಹೊರಬಿದ್ದು, ಹತ್ತಿರದಲ್ಲಿದ್ದ ಒಂದು ಪಟಾಲಮನ್ನು ಸೇರಿಕೊಂಡನು. ಇಬ್ಬರು ಪಠಾಣರು ಒಳಹೊಕ್ಕು, ಮುಂದಿದ್ದವನು ಹಾಸಿಗೆಯ ಮೇಲೆ ಕತ್ತಿ ಬೀಸಿದನು. ದಿಂಬು ಎರಡಾಯಿತು.

ಎಂಬತ್ತು ಜನರಿಗೆ ದೊರೆತ ಶಿಕ್ಷೆಯ ವಿವರವನ್ನು ಇಲ್ಲಿ ಹೇಳುವುದು ಬೇಡ. ಅದು ಆ ಕಾಲಕ್ಕೂ ಕ್ರೂರವಾದದ್ದು. ನಾವು ಗಮನಿಸಬೇಕಾದದ್ದು ಇನ್ನೊಂದನ್ನು. ಗಾಢನಿದ್ದೆಯಿಂದ ಎದ್ದ ಸಾಮಾನ್ಯ ಮನುಷ್ಯನಿಗೆ ತಾನೆಲ್ಲಿದ್ದೇನೆಂದು ತಿಳಿಯುವಷ್ಟರಲ್ಲಿ ಪಠಾಣನ ಕತ್ತಿ ಕುತ್ತಿಗೆಯ ಮೇಲಿರುತ್ತಿತ್ತು. ಹೈದರನು ಅಷ್ಟರೊಳಗೆ ಯೋಚಿಸಿ, ದಿಂಬನ್ನು ಮುಚ್ಚಿ, ಡೇರೆಯನ್ನು ಕೊಯ್ದು ಹೋಗಿದ್ದನು. ಆ ಕ್ಷಣಕ್ಕೆ ಅವನು ಬಹಳ ದಿನಗಳಿಂದ ಸಿದ್ಧನಾಗಿದ್ದನೆಂದೇ ಹೇಳಬೇಕು. ಕೊಲೆಗಾರರು ಎಷ್ಟೋ ರಾತ್ರಿ ಅವನ ಕನಸಿನಲ್ಲಿ ಬಂದುಹೋಗಿದ್ದರು. ನಿಜವಾಗಿ ಬಂದಾಗ ಅವನಿಗೆ ಹೊಸತೆನಿಸಲಿಲ್ಲ.

ಇದು ಬರಿಯ ಊಹೆಯಲ್ಲ. ಹೈದರನ ಆಪ್ತರಲ್ಲಿ ಗುಲಾಮ್ ಆಲಿ ಎಂಬವನೊಬ್ಬನಿದ್ದನು. ಒಮ್ಮೆ ಡೇರೆಯಲ್ಲಿ ಅವನೊಬ್ಬನೇ ಜೊತೆಯಲ್ಲಿದ್ದಾಗ ಹೈದರನು ನಿದ್ದೆಯಲ್ಲಿ ಮತ್ತೆ ಮತ್ತೆ ಬೆಚ್ಚಿಬೀಳುತ್ತಿದ್ದುದನ್ನು ಕಂಡನು. ಎಚ್ಚರವಾದ ಮೇಲೆ ಸಲಿಗೆಯಿಂದ ಅದನ್ನು ತಿಳಿಸಿ, ಕಂಡ ಕನಸು ಏನೆಂದು ಕೇಳಿದನು. ಹೈದರನು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಜನರು ಅಸೂಯೆಪಡುವ ತನ್ನ ದೊರೆತನಕ್ಕಿಂತ ಒಬ್ಬ ಜೋಗಿಯ ಬಾಳು ಸುಖವಾದದ್ದು; ಎಚ್ಚರದಲ್ಲಿ ಅವನಿಗೆ ಒಳಸಂಚುಗಾರರು ಕಾಣುವುದಿಲ್ಲ, ನಿದ್ದೆಯಲ್ಲಿ ಕೊಲೆಗಾರರು ಬರುವುದಿಲ್ಲ.

ಈ ಮಾತನ್ನು ವೈರಾಗ್ಯದ ನುಡಿಯೆಂದು ತಿಳಿಯುವುದು ಸರಿಯಲ್ಲ. ಅದನ್ನು ಆಡಿದ ಮೇಲೆ ಹೈದರನು ರಾಜ್ಯವನ್ನು ತೊರೆಯಲಿಲ್ಲ, ಜೋಗಿಯಾಗಲಿಲ್ಲ. ಬೆಳಗಾಗುತ್ತಲೇ ಮತ್ತೆ ಗೂಢಚಾರರ ಸುದ್ದಿ ಕೇಳಲು ಕುಳಿತಿರಬೇಕು. ಆದರೆ ಅದು ನಟನೆಯ ಮಾತೂ ಅಲ್ಲ. ಆಗತಾನೆ ಎಚ್ಚರಗೊಂಡವನು, ಮುಖವಾಡ ಹಾಕಿಕೊಳ್ಳುವ ಮೊದಲು, ಒಬ್ಬ ಸಂಗಾತಿಗೆ ಹೇಳಿದ ಸತ್ಯ ಅದು. ಬಿದನೂರಿನಲ್ಲಿ ಮುನ್ನೂರು ಜನರನ್ನು ನೇಣಿಗೇರಿಸಿ ನೆಮ್ಮದಿಯಾಗಿ ಮಲಗಿದವನೂ, ಡೇರೆಯಲ್ಲಿ ಬೆಚ್ಚಿಬೀಳುತ್ತಿದ್ದವನೂ ಒಬ್ಬನೇ. ಭಯವನ್ನು ಒಂದು ದಿನದ ಮಟ್ಟಿಗೆ ನೇಣುಹಾಕಬಹುದು. ಅದು ಮತ್ತೊಂದು ರಾತ್ರಿ, ಬೇರೊಂದು ಮುಖ ಹೊತ್ತು ಬರುತ್ತದೆ.

ಇಂದಿನ ವೈದ್ಯರು ನಿದ್ದೆಯಲ್ಲಿ ಬೆಚ್ಚುವ ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಮೊದಲ ಜಾವದಲ್ಲಿ ಚೀರಿ ಎದ್ದು, ಬೆಳಿಗ್ಗೆ ಏನೂ ನೆನಪಿಲ್ಲದಿರುವುದು ಒಂದು. ಅದು ಹೆಚ್ಚಾಗಿ ಮಕ್ಕಳಲ್ಲಿ ಕಾಣುವಂಥದು. ಬೆಳಗಿನ ಜಾವದ ಕೆಟ್ಟ ಕನಸಿನಿಂದ ಎದ್ದು, ಕಂಡದ್ದನ್ನೆಲ್ಲ ಹೇಳಬಲ್ಲದ್ದು ಇನ್ನೊಂದು. ಪ್ರಾಣಾಪಾಯವನ್ನು ಕಂಡು ಬದುಕಿ ಉಳಿದವರಲ್ಲಿ, ಅಪಾಯವು ಕಳೆದುಹೋದ ಮೇಲೂ, ಮೆದುಳು ತನ್ನ ಕಾವಲನ್ನು ಬಿಡುವುದಿಲ್ಲ. ಸಣ್ಣ ಸದ್ದಿಗೂ ದೇಹವು ಕದನಕ್ಕೆ ಎದ್ದು ನಿಲ್ಲುತ್ತದೆ. ಯುದ್ಧದಿಂದ ಮರಳಿದ ಸೈನಿಕರಲ್ಲಿ, ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಇದು ವಿಶೇಷವಾಗಿ ಕಾಣಿಸುತ್ತದೆಂದು ಹೇಳುತ್ತಾರೆ. ಸತ್ತು ಎರಡು ಶತಮಾನ ಮೀರಿದ ಮನುಷ್ಯನಿಗೆ ರೋಗದ ಹೆಸರು ಹಚ್ಚುವುದು ಉಚಿತವಲ್ಲ. ಆದರೆ ನಗಾರಿಯೊಳಗಿನ ಬಾಲಕ, ಕಾವೇರಿಯನ್ನು ದಾಟಿದ ಪಲಾಯಿತ, ಡೇರೆಯನ್ನು ಸೀಳಿದ ನವಾಬ, ಈ ಮೂವರೂ ಒಂದೇ ಮೈಯಲ್ಲಿ ಮಲಗುತ್ತಿದ್ದರೆಂಬುದನ್ನು ತಿಳಿಯಲು ವೈದ್ಯಶಾಸ್ತ್ರವೇನೂ ಬೇಕಾಗಿಲ್ಲ.

*

೧೭೮೦ರ ಜುಲೈ ತಿಂಗಳಲ್ಲಿ ಹೈದರನು ಘಟ್ಟವಿಳಿದು ಕರ್ನಾಟಕದ ಪಯಣಘಟ್ಟವನ್ನು ಹೊಕ್ಕನು. ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಬೇಲಿಯ ಸೈನ್ಯವು ನಾಶವಾಯಿತು. ಮರುವರ್ಷದ ಜುಲೈ ೧ರಂದು ಪರಂಗಿಪೇಟೆಯಲ್ಲಿ ಕೂಟನು ಹೈದರನನ್ನು ಹಿಮ್ಮೆಟ್ಟಿಸಿದನು. ನೆಲದ ಮೇಲಿನ ಇಂಗ್ಲಿಷರನ್ನು ತಾನು ಹಾಳುಮಾಡಬಲ್ಲೆನಾದರೂ ಅವರನ್ನು ಹೊತ್ತು ತರುವ ಕಡಲನ್ನು ಬತ್ತಿಸಲಾರೆನೆಂದು ಅವನು ಪೂರ್ಣಯ್ಯನಲ್ಲಿ ಮನಸ್ಸು ಬಿಚ್ಚಿ ಹೇಳಿಕೊಂಡದ್ದು ಈ ಕಾಲದಲ್ಲಿ. ಅಷ್ಟರಲ್ಲಿ ಬೆನ್ನಿನ ಮೇಲೆ ರಾಜಹುಣ್ಣು ಎದ್ದಿತು. ೧೭೮೨ರ ಡಿಸೆಂಬರ್ ೭ರಂದು, ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರನು ತೀರಿಕೊಂಡನು.

ಸಾವನ್ನೂ ಗುಟ್ಟಾಗಿ ಇಡಬೇಕಾಯಿತು. ಟೀಪು ದೂರದ ಮಲಬಾರಿನಲ್ಲಿದ್ದನು. ಪೂರ್ಣಯ್ಯನೂ ಕೃಷ್ಣರಾಯನೂ ಕೂಡಿ ನವಾಬನು ಇನ್ನೂ ಬದುಕಿರುವಂತೆಯೇ ದೈನಂದಿನ ಕೆಲಸಗಳನ್ನು ನಡೆಯಿಸಿದರು. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆಯನ್ನು ಸಾಗಿಸುವ ನೆವದಲ್ಲಿ, ಕೋಲಾರಕ್ಕೆ ಕಳುಹಿಸಿದರು. ಅಲ್ಲಿ ತಂದೆಯ ಗೋರಿಯ ಪಕ್ಕದಲ್ಲಿ ಇಟ್ಟು, ಬಳಿಕ ಶ್ರೀರಂಗಪಟ್ಟಣದ ಗುಂಬಜಿಗೆ ತಂದರು. ಇಷ್ಟಾದರೂ ಗುಟ್ಟು ಹೊರಬೀಳದೆ ಇರಲಿಲ್ಲ. ಹೈದರನ ಸೋದರಸಂಬಂಧಿ ಮಹಮ್ಮದ್ ಅಮೀನನು, ಕಿರಿಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸಲು ಪಾಳೆಯದಲ್ಲಿಯೇ ಸಂಚು ಹೂಡಿ ಸಿಕ್ಕಿಬಿದ್ದನು. ಹೈದರನ ಕನಸುಗಳು ಹುಸಿಯಾಗಿರಲಿಲ್ಲವೆಂಬುದಕ್ಕೆ, ಅವನ ಮೈ ಆರುವುದರೊಳಗೇ ಸಿಕ್ಕ ಸಾಕ್ಷ್ಯವಿದು.

ತಂದೆಯ ರಾಜ್ಯದೊಡನೆ ಅವನ ರಾತ್ರಿಯೂ ಮಗನ ಪಾಲಿಗೆ ಬಂದಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯನ್ನು ಹೊಕ್ಕವರು ಟೀಪುವಿನ ಮಲಗುವ ಕೋಣೆಯನ್ನು ನೋಡಿದರು. ಒಳಗಿನಿಂದ ಭದ್ರವಾದ ಅಗುಳಿ, ಕಿಟಕಿಗಳಿಗೆ ಕಬ್ಬಿಣದ ಸರಳು. ಹಾಸಿಗೆಯನ್ನು ಚಾವಣಿಯಿಂದ ಸರಪಳಿಗಳಲ್ಲಿ ತೂಗಹಾಕಿ, ಹೊರಗಿನಿಂದ ಗುಂಡು ಹಾರಿಸುವವನ ಕಣ್ಣಿಗೆ ಬೀಳದಂತೆ ಇಡಲಾಗಿತ್ತು. ಅದರಲ್ಲಿ ಒಂದು ಕತ್ತಿಯೂ ಗುಂಡು ತುಂಬಿದ ಎರಡು ಪಿಸ್ತೂಲುಗಳೂ ಇದ್ದುವೆಂದು ಮರುವರ್ಷ ಅಲ್ಲಿಗೆ ಬಂದ ಬುಕಾನನನು ಬರೆಯುತ್ತಾನೆ. ಅದೇ ಕೋಣೆಯಲ್ಲಿ ಟೀಪು ತನ್ನ ಕೈಯಿಂದಲೇ ಬರೆದ ಕನಸಿನ ಪುಸ್ತಕವೂ ದೊರೆಯಿತು. ಮೂವತ್ತೇಳು ಕನಸು ಅದರಲ್ಲಿವೆ. ಈಗ ಅದು ಲಂಡನ್ನಿನಲ್ಲಿದೆ. ಆಶ್ಚರ್ಯದ ಸಂಗತಿಯೆಂದರೆ, ಅದರಲ್ಲಿ ಬಹುಪಾಲು ಗೆಲವಿನ ಕನಸುಗಳು, ಸಂತರ ದರ್ಶನಗಳು, ಶುಭಶಕುನಗಳು. ಮಗನು ಕಲಿತವನು, ಕಂಡದ್ದರಲ್ಲಿ ಬರೆಯತಕ್ಕದ್ದನ್ನು ಆರಿಸಿ ಬರೆದನು. ಅವನ ಭಯವನ್ನು ಹೇಳಿದ್ದು ಪುಸ್ತಕವಲ್ಲ, ಆ ತೂಗುವ ಹಾಸಿಗೆ.

ಹೈದರನಿಗೆ ಬರೆಯಲು ಬರುತ್ತಿರಲಿಲ್ಲ. ಅವನ ಕನಸುಗಳಿಗೆ ಪುಸ್ತಕವಿಲ್ಲ. ಗುಲಾಮ್ ಆಲಿ ಕಂಡ ಒಂದು ರಾತ್ರಿಯಷ್ಟೇ ನಮಗೆ ಉಳಿದಿದೆ. ಆದರೂ ಅವನ ಚರಿತ್ರೆಯನ್ನು ಓದುವವರು, ಶೌರ್ಯ ಕ್ರೌರ್ಯಗಳ ಲೆಕ್ಕವನ್ನು ಮುಗಿಸಿದ ಮೇಲೆ, ಆ ರಾತ್ರಿಯ ಬಳಿ ಒಂದಿಷ್ಟು ನಿಲ್ಲುವುದು ಒಳ್ಳೆಯದು. ಹೈದರನು ಹೇಡಿಯಲ್ಲ. ಅವನ ಕಾಲದಲ್ಲಿ ಈ ನಾಡಿನಲ್ಲಿ ಅವನಿಗಿಂತ ಎದೆಗಾರನಾದ ದಂಡನಾಯಕನು ಇದ್ದಿಲ್ಲವೆಂದರೂ ಸಲ್ಲುತ್ತದೆ. ಹಗಲಿನ ಧೈರ್ಯಕ್ಕೂ ಇರುಳಿನ ನೆಮ್ಮದಿಗೂ ಸಂಬಂಧವಿಲ್ಲವೆಂಬುದನ್ನೇ ಅವನ ಬಾಳು ತೋರಿಸುತ್ತದೆ. ಹೆದರಿಸಿ ಆಳುವವನು ತಾನು ಹೆದರಿಸಿದವರೆಲ್ಲರ ಮುಖವನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಅವರಲ್ಲಿ ಯಾರು ಎಂದು ಬರುವರೋ ತಿಳಿಯದು. ಸೋದೆಯ ಸೀಮೆಯ ರೈತನು ದಂಡು ದಾಟಿದ ಮೇಲೆ ಕಾಡಿನಿಂದ ಮರಳಿ, ಹೂತಿಟ್ಟ ಕಾಳನ್ನು ತೆಗೆದು, ಉಂಡು ಮಲಗುತ್ತಿದ್ದನು. ಅವನ ವಲಸೆಗೆ ಒಂದು ಕೊನೆಯಿತ್ತು. ಅವನನ್ನು ಓಡಿಸಿದ ಹೈದರನು ಮಾತ್ರ ತನ್ನ ಹಾಸಿಗೆಯಲ್ಲಿಯೇ, ರಾತ್ರಿಯಿಂದ ರಾತ್ರಿಗೆ, ವಲಸೆ ಹೋಗುತ್ತಲೇ ಇದ್ದನು.